ಸಂಬಳ ಏರಿದರೆ ದೋಸೆಗೆ ಎಷ್ಟು ಏರಿಸಬೇಕು?

ಪ್ರಶ್ನೆ: ಕುಮಟಾದಲ್ಲಿ ಹೆದ್ದಾರಿ ಪಕ್ಕ ನಮ್ಮದೊಂದು ತಿಂಡಿ-ಊಟದ ಹೋಟೆಲು. ಸಂಜೆ ಗೋಬಿ, ನೂಡಲ್ಸ್, ಫ್ರೈಡ್ ರೈಸ್ ಕೂಡ ಇದೆ. 24 ಕುರ್ಚಿ, ಆರು ಕೆಲಸಗಾರರು. ದೋಸೆ ಮಾಸ್ಟರ್‌ಗೆ 24,000, ಚೈನೀಸ್ ಮಾಸ್ಟರ್‌ಗೆ 22,000, ಇಬ್ಬರು ಸಪ್ಲಾಯರ್‌ಗಳಿಗೆ ಮತ್ತು ಅಡುಗೆಮನೆ ಸಹಾಯಕನಿಗೆ ತಲಾ 13,000, ಕ್ಲೀನರ್‌ಗೆ 12,000 ಕೊಡುತ್ತೇನೆ. ಊಟ, ವಸತಿ ನಮ್ಮದೇ. ಬೆಳಗ್ಗೆ 6.30ರಿಂದ ರಾತ್ರಿ 9.30ರವರೆಗೆ ಬಾಗಿಲು ತೆರೆದಿರುತ್ತದೆ. ದಿನದ ವ್ಯಾಪಾರ ಸರಾಸರಿ 18,000. ಮಳೆಗಾಲದಲ್ಲಿ 11,000 ಆದರೆ ಪುಣ್ಯ. ಇನ್ನು ಯಾರಿಗೂ 16,500ಕ್ಕಿಂತ ಕಡಿಮೆ ಕೊಡುವಂತಿಲ್ಲ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ಅಮೆರಿಕದಲ್ಲಿ ಹೀಗೇ ಸಂಬಳ ಏರಿಸಿದ್ದಕ್ಕೆ ಬರ್ಗರ್ ದರ ದುಪ್ಪಟ್ಟಾಯಿತು, ಅಂಗಡಿಗಳು ಮುಚ್ಚಿದವು ಎಂಬ ವಿಡಿಯೊ ಮಗ ತೋರಿಸಿದ. 60 ರೂಪಾಯಿಯ ಮಸಾಲೆ ದೋಸೆಯನ್ನು 75 ಮಾಡಬೇಕು, ಇಲ್ಲವೇ ಇಬ್ಬರನ್ನು ಬಿಡಿಸಿ ಮೇಜಿಗೆ ಕ್ಯೂಆರ್ ಕೋಡ್ ಅಂಟಿಸಬೇಕು ಎನ್ನುತ್ತಾನೆ. 75ಕ್ಕೆ ದೋಸೆ ತಿನ್ನುವವರು ಈ ಊರಲ್ಲಿ ಯಾರಿದ್ದಾರೆ? ಏನು ಮಾಡಲಿ?

ಉತ್ತರ: ನಿಮ್ಮ ಮಗನ ಲೆಕ್ಕ ಎಲ್ಲಿ ತಪ್ಪಿದೆ ಎಂಬುದನ್ನು ಮೊದಲು ನೋಡೋಣ, ಏಕೆಂದರೆ ಬಹಳ ಹೋಟೆಲಿನವರು ಇದೇ ಲೆಕ್ಕ ಹಾಕಿ ಹೆದರುತ್ತಾರೆ. 13,000 ಇದ್ದದ್ದು 16,500 ಆದರೆ ಶೇ. 27ರಷ್ಟು ಏರಿಕೆ. ಆದ್ದರಿಂದ ದೋಸೆಯೂ ಕಾಲು ಭಾಗ ಏರಬೇಕು, 60 ಇದ್ದದ್ದು 75 ಆಗಬೇಕು ಎಂದು ಅವನ ವಾದ. ಆದರೆ ದೋಸೆಯ 60 ರೂಪಾಯಿಯೆಲ್ಲ ಸಂಬಳಕ್ಕೆ ಹೋಗುವುದಿಲ್ಲವಲ್ಲ. ಅಕ್ಕಿ, ಉದ್ದು, ಎಣ್ಣೆ, ಕಾಯಿ, ಗ್ಯಾಸು, ಬಾಡಿಗೆ, ಕರೆಂಟು, ತೆರಿಗೆ ಎಲ್ಲ ಅದರೊಳಗೇ ಇವೆ. ಸಂಬಳದ ಪಾಲು ಎಷ್ಟೋ ಅಷ್ಟಕ್ಕೆ ಮಾತ್ರ ಈ ಏರಿಕೆ ತಟ್ಟುತ್ತದೆ.

ನಿಮ್ಮದೇ ಅಂಕಿ ಹಿಡಿಯುತ್ತೇನೆ. ತಿಂಗಳಿಗೆ 28 ದಿನ ವ್ಯಾಪಾರ ಎಂದುಕೊಂಡರೆ ಒಟ್ಟು 5,04,000. ಆರು ಜನರ ಸಂಬಳ 97,000, ಅಂದರೆ ಮಾರಾಟದ ಐದನೇ ಒಂದು ಪಾಲಿಗಿಂತ ತುಸು ಕಡಿಮೆ. ಇಬ್ಬರು ಮಾಸ್ಟರ್‌ಗಳು ಈಗಾಗಲೇ 16,500ಕ್ಕಿಂತ ಮೇಲಿದ್ದಾರೆ. ಏರಿಕೆ ಉಳಿದ ನಾಲ್ವರಿಗೆ: ಮೂವರಿಗೆ ತಲಾ 3,500, ಕ್ಲೀನರ್‌ಗೆ 4,500, ಒಟ್ಟು 15,000. ಕಾನೂನು ಕೇಳುವುದು ಇಷ್ಟೇ. ಆದರೆ ಕೆಳಗಿನವರ ಸಂಬಳ ಏರಿದಾಗ ಮೇಲಿನವರು ಸುಮ್ಮನೆ ಇರುವುದಿಲ್ಲ. 'ನಿನ್ನೆ ಬಂದ ಕ್ಲೀನರ್‌ಗೆ 16,500, ನನಗೆ 22ರಲ್ಲೇ ನಿಲ್ಲಿಸಿದಿರಿ' ಎಂಬ ಮಾತು ಒಂದೆರಡು ತಿಂಗಳಲ್ಲಿ ಬರುತ್ತದೆ. ಮಾಸ್ಟರ್‌ಗಳಿಗೆ ತಲಾ 2,000 ಈಗಲೇ ಸೇರಿಸಿಡಿ. ಒಟ್ಟು ಹೊರೆ 19,000.

5,04,000ದಲ್ಲಿ 19,000 ಎಂದರೆ ಶೇ. 3.8. 60 ರೂಪಾಯಿಯ ದೋಸೆಗೆ 2 ರೂಪಾಯಿ 28 ಪೈಸೆ. ಮಗ ಹೇಳಿದಂತೆ ಎಲ್ಲದಕ್ಕೂ ಶೇ. 25 ಏರಿಸಿ, ಒಬ್ಬ ಗಿರಾಕಿಯೂ ಬಿಟ್ಟುಹೋಗಲಿಲ್ಲ ಎಂದುಕೊಂಡರೆ ತಿಂಗಳಿಗೆ 1,26,000 ಹೆಚ್ಚು ಬರಬೇಕು. ಈಗ ಆರು ಜನರಿಗೆ ಕೊಡುವ ಇಡೀ ಸಂಬಳಕ್ಕಿಂತ ಅದು ದೊಡ್ಡ ಮೊತ್ತ! ಸಂಬಳದ ಹೆಸರಿನಲ್ಲಿ ಅಷ್ಟು ಏರಿಸಿದರೆ ಗಿರಾಕಿಗೂ ಲೆಕ್ಕ ಬರುತ್ತದೆ.

ಇನ್ನು ಆ ವಿಡಿಯೊ. ಕ್ಯಾಲಿಫೋರ್ನಿಯದಲ್ಲಿ 2024ರ ಏಪ್ರಿಲ್ 1ರಿಂದ ಫಾಸ್ಟ್ ಫುಡ್ ಕೆಲಸಗಾರರ ಕನಿಷ್ಠ ವೇತನ ಗಂಟೆಗೆ 16 ಡಾಲರ್‌ನಿಂದ 20 ಡಾಲರ್‌ಗೆ ಏರಿದ್ದು ನಿಜ. ಅದು ದೇಶದಲ್ಲಿ 60ಕ್ಕಿಂತ ಕಡಿಮೆಯಿಲ್ಲದಷ್ಟು ಮಳಿಗೆಗಳಿರುವ ಸರಪಳಿಗಳಿಗೆ ಮಾತ್ರ. ಬೀದಿ ಬದಿಯ ಒಂಟಿ ಹೋಟೆಲಿಗೆ ಅನ್ವಯಿಸಲಿಲ್ಲ. ಕನಿಷ್ಠ ವೇತನ ಶೇ. 25 ಏರಿತು. ಬರ್ಗರ್ ದರ ದುಪ್ಪಟ್ಟಾಗಲಿಲ್ಲ. ಅಲ್ಲಿಯ ಬರ್ಕಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರ 2024ರ ಲೆಕ್ಕದಲ್ಲಿ ಶೇ. 3.7ರಷ್ಟು, ಅಂದರೆ 4 ಡಾಲರಿನ ಬರ್ಗರ್‌ಗೆ ಸುಮಾರು 15 ಸೆಂಟ್ ಏರಿತು. ಉದ್ಯೋಗದ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. ಅದೇ ಬರ್ಕಲಿಯವರು ಉದ್ಯೋಗ ಕಡಿಮೆಯಾಗಲಿಲ್ಲ ಎಂದರೆ, ಇನ್ನೊಂದು ತಂಡ ಆ ರಾಜ್ಯದ ಫಾಸ್ಟ್ ಫುಡ್ ಕೆಲಸಗಳು ಬೇರೆಡೆಗೆ ಹೋಲಿಸಿದರೆ ಶೇ. 2.7ರಷ್ಟು ಕುಗ್ಗಿದವು ಎಂದು ತೋರಿಸಿತು. ಹಿಂದೆ 1992ರಲ್ಲಿ ನ್ಯೂಜೆರ್ಸಿಯಲ್ಲಿ ಕನಿಷ್ಠ ವೇತನ 4.25 ಡಾಲರ್‌ನಿಂದ 5.05ಕ್ಕೆ ಏರಿದಾಗ ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಅಲ್ಲಿಯ ಹಾಗೂ ಪಕ್ಕದ ಪೆನ್ಸಿಲ್ವೇನಿಯದ 410 ಫಾಸ್ಟ್ ಫುಡ್ ಅಂಗಡಿಗಳನ್ನು ಹೋಲಿಸಿದ್ದರು. ಕೆಲಸ ಕಡಿಮೆಯಾದದ್ದು ಕಾಣಲಿಲ್ಲ, ದರ ಶೇ. 4ರಷ್ಟು ಏರಿತ್ತು. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಅಲ್ಲಿ ಮಾರಾಟದ ಕಾಲು ಭಾಗಕ್ಕೂ ಹೆಚ್ಚು ಸಂಬಳಕ್ಕೇ ಹೋಗುತ್ತದೆ, ಆದರೂ ದರ ಏರಿದ್ದು ಇಷ್ಟು. ನಿಮ್ಮಲ್ಲಿ ಆ ಪಾಲು ಇನ್ನೂ ಕಡಿಮೆ.

ಹಾಗೆಂದು ನಿಮ್ಮ ಹೆದರಿಕೆ ಪೂರ್ತಿ ಸುಳ್ಳಲ್ಲ. ಅದು ಬೇರೆ ಕಡೆ ಇದೆ.

ಮಳೆಗಾಲದ ಲೆಕ್ಕ ನೋಡಿ. ದಿನಕ್ಕೆ 11,000ದಂತೆ ತಿಂಗಳಿಗೆ 3,08,000. ಆಗ ಈಗಿನ 97,000 ಸಂಬಳವೇ ಮಾರಾಟದ ಶೇ. 31.5. ಹೊಸ ಸಂಬಳ ಸೇರಿದರೆ 1,16,000, ಅಂದರೆ ಶೇ. 37.7. ಪದಾರ್ಥಕ್ಕೆ ಶೇ. 40 ಹೋದರೆ ಬಾಡಿಗೆ, ಗ್ಯಾಸು, ಕರೆಂಟಿಗೆ ಉಳಿಯುವುದು ರೂಪಾಯಿಗೆ 22 ಪೈಸೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ; ಬಂದರಿನ ಜನರ ಕೈಯಲ್ಲಿ ಕಾಸಿಲ್ಲ, ಗೋಕರ್ಣಕ್ಕೆ ಹೋಗುವ ಪ್ರವಾಸಿಗರಿಲ್ಲ, ಹೆದ್ದಾರಿಯಲ್ಲಿ ಗುಡ್ಡ ಕುಸಿದರಂತೂ ದಿನಗಟ್ಟಲೆ ಬಸ್ಸಿಲ್ಲ. 2024ರ ಜುಲೈಯಲ್ಲಿ ಶಿರೂರಿನ ಗುಡ್ಡ ಕುಸಿದಾಗ ಅಂಕೋಲಾ-ಕುಮಟಾ ನಡುವಿನ ವ್ಯಾಪಾರ ಏನಾಯಿತೆಂದು ನಿಮಗೆ ನಾನು ಹೇಳಬೇಕಿಲ್ಲ. ಆಗಿನ ನಷ್ಟಕ್ಕೆ ಯಾವ ವೇತನ ಆದೇಶವೂ ಕಾರಣವಾಗಿರಲಿಲ್ಲ. ನಿಮ್ಮ ಹೋಟೆಲನ್ನು ಮುಚ್ಚಿಸುವ ಶಕ್ತಿ ಇರುವುದು ಈ ಮೂರು ತಿಂಗಳಿಗೆ. ಸಂಬಳ ಏರಿಕೆ ಅದನ್ನು ಸ್ವಲ್ಪ ಬೇಗ ಬಯಲಿಗೆ ತರುತ್ತದೆ, ಅಷ್ಟೇ.

ಎರಡನೆಯ ಅಪಾಯ ನೀವು ಬರೆದ ಸಮಯದಲ್ಲೇ ಇದೆ: ಬೆಳಗ್ಗೆ 6.30ರಿಂದ ರಾತ್ರಿ 9.30. ಹದಿನೈದು ಗಂಟೆ, ಆರೇ ಜನ. ಮಧ್ಯಾಹ್ನ ಒಂದೆರಡು ತಾಸು ಮಲಗಲು ಬಿಟ್ಟು ಅದೇ ಜನರನ್ನು ಸಂಜೆ ಮತ್ತೆ ನಿಲ್ಲಿಸುವುದು ನಮ್ಮ ಕಡೆಯ ಹೋಟೆಲುಗಳ ಹಳೆಯ ರೂಢಿ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮಿತಿ. ವಿರಾಮ ಸೇರಿಸಿದರೂ ದಿನದ ಹರವು 12 ಗಂಟೆ ದಾಟುವಂತಿಲ್ಲ. ಹೆಚ್ಚುವರಿ ಗಂಟೆಗೆ ದುಪ್ಪಟ್ಟು ಕೂಲಿ, ಅದೂ ಮೂರು ತಿಂಗಳಿಗೆ 50 ಗಂಟೆಯವರೆಗೆ ಮಾತ್ರ. ವಾರಕ್ಕೊಂದು ರಜೆ. ಈಗ 16,500ನ್ನು 208 ಗಂಟೆಗೆ (26 ದಿನ, ದಿನಕ್ಕೆ 8 ಗಂಟೆ) ಭಾಗಿಸಿ: ಗಂಟೆಗೆ 79 ರೂಪಾಯಿ ಚಿಲ್ಲರೆ, ದುಪ್ಪಟ್ಟೆಂದರೆ 158ಕ್ಕೂ ಮೇಲೆ. ಒಬ್ಬ ದಿನಕ್ಕೆ ಮೂರು ಗಂಟೆ ಹೆಚ್ಚು ನಿಂತರೆ 26 ದಿನಕ್ಕೆ 12,000 ದಾಟುತ್ತದೆ, ಮತ್ತು ಅಷ್ಟು ಹೊತ್ತು ನಿಲ್ಲಿಸಲು ಕಾನೂನಿನಲ್ಲಿ ಅವಕಾಶವೇ ಇಲ್ಲ. ಯಾರಾದರೂ ಜಗಳವಾಡಿ ಕೆಲಸ ಬಿಟ್ಟು ಲೆಕ್ಕ ಕೇಳಿದ ದಿನ ನಿಮ್ಮನ್ನು ಬೀಳಿಸುವುದು ತಿಂಗಳ 3,500 ಅಲ್ಲ, ಈ ಗಂಟೆಗಳು.

ಕಾನೂನಿನ ಇನ್ನು ಕೆಲವು ಮಾತುಗಳನ್ನು ಇಲ್ಲೇ ಮುಗಿಸುತ್ತೇನೆ. 16,500 ಎಂಬ ಅಂಕಿಯನ್ನು ನೀವು ಬರೆದಿರಿ ಎಂದು ಲೆಕ್ಕಕ್ಕೆ ಬಳಸಿದ್ದೇನೆ, ಅದನ್ನೇ ನಂಬಬೇಡಿ. ದರ ಬದಲಾಗುವುದು ಊರಿನ ವಲಯ ಮತ್ತು ಕೆಲಸದ ಕುಶಲತೆಯ ಮೇಲೆ. ಬೆಂಗಳೂರಿನ ದರದ ಪಟ್ಟಿ ಕುಮಟಾದ ಗುಂಪುಗಳಲ್ಲಿ ಓಡಾಡುತ್ತಿರುತ್ತದೆ. ಮೂಲ ವೇತನದ ಮೇಲೆ ತುಟ್ಟಿಭತ್ಯೆ ಪ್ರತಿ ಏಪ್ರಿಲ್‌ನಲ್ಲಿ ಬದಲಾಗುತ್ತದೆ. ಕರಡು ಅಧಿಸೂಚನೆಯನ್ನೇ ಆದೇಶವೆಂದು ಹಂಚುವವರೂ ಇದ್ದಾರೆ. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಹೊರಡಿಸಿದ್ದೂ ಆಕ್ಷೇಪಣೆಗೆ ಕರೆದ ಕರಡೇ. ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗಿ 'ಹೋಟೆಲ್ ಉದ್ಯಮ, ನಮ್ಮ ವಲಯ, ಜಾರಿಯಲ್ಲಿರುವ ದರ' ಎಂದು ಕೇಳಿ ಪ್ರತಿ ಪಡೆಯಿರಿ. ಆಗ ಇನ್ನೊಂದನ್ನೂ ನೋಡಿ: ನೀವು ಈಗ ಕೊಡುವ 12,000, 13,000 ಇವತ್ತಿನ ದರಕ್ಕಾದರೂ ಮುಟ್ಟುತ್ತದೆಯೇ? ಮುಟ್ಟದಿದ್ದರೆ ಬಾಕಿ ಈಗಾಗಲೇ ಬೆಳೆಯುತ್ತಿದೆ.

ಊಟ, ವಸತಿ ಕೊಡುತ್ತೇನೆಂದು ನಿಮ್ಮಷ್ಟಕ್ಕೆ ನೀವೇ ಸಂಬಳದಲ್ಲಿ ಮುರಿದುಕೊಳ್ಳುವಂತಿಲ್ಲ. ಅಧಿಸೂಚನೆಯಲ್ಲಿ ಅವಕಾಶ ಇದ್ದರೆ ಅಲ್ಲಿ ಹೇಳಿದಷ್ಟೇ. ಸಣ್ಣ ಹೋಟೆಲಿಗೆ ಇದೆಲ್ಲ ಇಲ್ಲ ಎಂಬುದು ಇನ್ನೊಂದು ತಪ್ಪು ಕಲ್ಪನೆ. ಒಬ್ಬನೇ ಕೆಲಸಗಾರನಿದ್ದರೂ ಕನಿಷ್ಠ ವೇತನ ಕೊಡಲೇಬೇಕು. ಸಂಖ್ಯೆ ನೋಡಿ ಬರುವುದು ಉಳಿದವು: 10 ಜನರಾದರೆ ಇಎಸ್‌ಐ, ಗ್ರಾಚ್ಯುಟಿ, 20 ಆದರೆ ಪಿಎಫ್, ಬೋನಸ್. ನಿಮಗೆ ಸದ್ಯ ಅವು ಇಲ್ಲ. ಪುಸ್ತಕದಲ್ಲಿ 16,500 ಬರೆದು ಸಹಿ ಹಾಕಿಸಿಕೊಂಡು ಕೈಗೆ 13,000 ಕೊಡುವ ಉಪಾಯವನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ, ಅದಕ್ಕೆ ಇಳಿಯಬೇಡಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆ ಎಂಬ ಕೇಂದ್ರ ಕಾನೂನಿನಡಿ ಮೂರು ವರ್ಷದ ಹಿಂದಿನ ಬಾಕಿಗೂ ದೂರು ಕೊಡಬಹುದು, ಬಾಕಿಯ ಹತ್ತು ಪಟ್ಟಿನವರೆಗೆ ಪರಿಹಾರ ವಿಧಿಸಬಹುದು, ಮೇಲೆ 50,000ದವರೆಗೆ ದಂಡ. ಬ್ಯಾಂಕ್ ಖಾತೆಗೆ ಹಾಕಿ. ಅದು ನಿಮ್ಮ ರಕ್ಷಣೆಗೂ ಸಾಕ್ಷಿ.

ಈಗ 19,000 ಎಲ್ಲಿಂದ ತರುವುದು ಎಂಬ ಪ್ರಶ್ನೆ.

ನೀವು ಕಳುಹಿಸಿದ ಪಟ್ಟಿಯಂತೆ ದಿನಕ್ಕೆ 80 ಮಸಾಲೆ ದೋಸೆ, 90 ರೂಪಾಯಿಯ 45 ಊಟ, 40 ರೂಪಾಯಿಯ 60 ಪ್ಲೇಟ್ ಬನ್ಸ್-ಭಾಜಿ, ಸಂಜೆ 80 ರೂಪಾಯಿಯ 40 ಪ್ಲೇಟ್ ಚೈನೀಸ್ (ಅರ್ಧ ಗೋಬಿ, ಅರ್ಧ ನೂಡಲ್ಸ್ ಮತ್ತು ರೈಸ್), 150 ಚಹಾ-ಕಾಫಿ, ಉಳಿದದ್ದು ಇಡ್ಲಿ-ವಡೆ. ಎಲ್ಲದಕ್ಕೂ ಸಮನಾಗಿ ಏರಿಸಬೇಡಿ. ಚಹಾ, ಇಡ್ಲಿ, ಬನ್ಸ್-ಭಾಜಿ ಇವುಗಳ ದರ ಊರಿನವರ ಬಾಯಲ್ಲಿ ಇರುತ್ತದೆ. ಒಂದು ಹೋಟೆಲು ದುಬಾರಿಯೋ ಅಲ್ಲವೋ ಎಂದು ಅಳೆಯುವುದು ಇವುಗಳಿಂದಲೇ. ಅವನ್ನು ಮುಟ್ಟಬೇಡಿ. ಗೋಬಿಯಲ್ಲಿ ಕೆಲಸ ಬಹಳ: ಬಿಡಿಸಿ, ಉಪ್ಪುನೀರಿಗೆ ಹಾಕಿ, ಅರೆಬೇಯಿಸಿ, ಎರಡು ಸಲ ಕರಿಯಬೇಕು. ನ್ಯಾಯವಾಗಿ ಅದರ ದರ ಏರಬೇಕು. ಆದರೆ ಬಸ್ ನಿಲ್ದಾಣದ ಬಳಿ ಗಂಡ-ಹೆಂಡತಿ ಸೇರಿ ನಡೆಸುವ ಗಾಡಿಗೆ ಸಂಬಳದ ಹೊರೆಯೇ ಇಲ್ಲ, ಅಲ್ಲಿ ದರ ಏರುವುದಿಲ್ಲ. ಗೋಬಿಯಲ್ಲಿ ಅವರೊಡನೆ ಪೈಪೋಟಿಗೆ ಇಳಿದರೆ ಸೋಲು ನಿಮ್ಮದೇ. ಗಾಡಿಯಲ್ಲಿ ಸಿಗದ್ದು ಮಸಾಲೆ ದೋಸೆ, ಕೂತು ಉಣ್ಣುವ ಊಟ. ಏರಿಕೆ ಅಲ್ಲಿ ಇರಲಿ.

ದೋಸೆಗೆ 5, ಊಟಕ್ಕೆ 5, ನೂಡಲ್ಸ್-ರೈಸ್‌ಗೆ 5 ಏರಿಸಿದರೆ ದಿನಕ್ಕೆ 725, ತಿಂಗಳಿಗೆ 20,300. ನೀವು ಸಣ್ಣ ವ್ಯಾಪಾರಿಗಳ ಜಿಎಸ್‌ಟಿ ರಾಜಿ ಪದ್ಧತಿಯಲ್ಲಿ (ಕಾಂಪೊಸಿಷನ್) ಇದ್ದರೆ ಬಿಲ್ಲಿನಲ್ಲಿ ತೆರಿಗೆ ಹಾಕುವಂತಿಲ್ಲ, ಶೇ. 5 ನಿಮ್ಮ ಗಲ್ಲಾದಿಂದಲೇ ಹೋಗುತ್ತದೆ. ಅದನ್ನು ಕಳೆದರೆ 19,285. ಕಾಗದದ ಮೇಲೆ ಸರಿಹೋಯಿತು.

ಕಾಗದದ ಮೇಲೆ ಮಾತ್ರ. ದೋಸೆಯ ಪದಾರ್ಥಕ್ಕೆ 24 ರೂಪಾಯಿ ಬೀಳುತ್ತದೆ ಎಂದಿಟ್ಟುಕೊಳ್ಳಿ. ಈಗ 80 ದೋಸೆಗೆ ತಲಾ 36ರಂತೆ 2,880 ಉಳಿಯುತ್ತದೆ. 65 ಮಾಡಿದಾಗ ಎಂಟು ಜನ ಬಿಟ್ಟುಹೋದರೆ 72 ದೋಸೆಗೆ 41ರಂತೆ 2,952. ಅಂದುಕೊಂಡದ್ದು 400, ಸಿಕ್ಕಿದ್ದು 72. ಆದ್ದರಿಂದ ಬೋರ್ಡ್ ಬದಲಿಸಿದ ಮೇಲೆ ಮೂರು ವಾರ ತಟ್ಟೆ ಎಣಿಸಿ, ಹಣ ಎಣಿಸಿದರೆ ಸಾಲದು. ದಿನದ ದೋಸೆಗಳ ಸಂಖ್ಯೆ 76ಕ್ಕಿಂತ ಕೆಳಗಿಳಿದರೆ ದರವನ್ನು 63ಕ್ಕೆ ತನ್ನಿ. ಮೊದಲಾದರೆ ಚಿಲ್ಲರೆ ಕೊಡುವ ಗೋಳಿಗೆ ಹೆದರಿ ಐದರ ಲೆಕ್ಕದಲ್ಲೇ ಏರಿಸುತ್ತಿದ್ದರು. ಅರ್ಧಕ್ಕರ್ಧ ಗಿರಾಕಿಗಳು ಫೋನಿನಲ್ಲೇ ಹಣ ಹಾಕುವಾಗ 63 ಏನೂ ಕಷ್ಟವಿಲ್ಲ. ದರದಿಂದ ಹನ್ನೆರಡು-ಹದಿಮೂರು ಸಾವಿರ ಬಂದರೆ ಸಾಕು ಎಂದುಕೊಂಡು, ಉಳಿದದ್ದನ್ನು ಒಳಗೇ ಹುಡುಕುವುದು ಸುರಕ್ಷಿತ.

ಒಳಗೆ ಎಂದರೆ ಮೊದಲು ಪಾಳಿ. ದೋಸೆ ಮಾಸ್ಟರ್ ಮತ್ತು ಒಬ್ಬ ಸಪ್ಲಾಯರ್ ಬೆಳಗ್ಗೆ 6ರಿಂದ 2.30ರವರೆಗೆ, ಚೈನೀಸ್ ಮಾಸ್ಟರ್ ಮತ್ತು ಇನ್ನೊಬ್ಬ ಸಪ್ಲಾಯರ್ 1ರಿಂದ 9.30ರವರೆಗೆ. ವಿರಾಮ ಕಳೆದರೆ ನಾಲ್ವರಿಗೂ ಎಂಟು ಗಂಟೆ ದಾಟುವುದಿಲ್ಲ. ಊಟದ ನೂಕುನುಗ್ಗಲಿನ 1ರಿಂದ 2.30ರಲ್ಲಿ ಇಬ್ಬರೂ ಸಪ್ಲಾಯರ್‌ಗಳು ಸಿಗುತ್ತಾರೆ. ಸಂಜೆ ದೋಸೆ ಬೇಕೇ ಬೇಕೆಂದರೆ ಚೈನೀಸ್ ಮಾಸ್ಟರ್‌ಗೆ ಕಾವಲಿ ಹಿಡಿಯಲು ಕಲಿಸಿ, ಅವನಿಗೆ ಕೊಡುವ 2,000 ಅದಕ್ಕೇ ಎಂದು ಹೇಳಿ. ರಾತ್ರಿ ಪಾತ್ರೆಗೆ ಹತ್ತಿರದ ಒಬ್ಬರನ್ನು ಮೂರು ಗಂಟೆಗೆ ಇಟ್ಟುಕೊಂಡರೆ ದಿನಕ್ಕೆ 240 ರೂಪಾಯಿ. ದುಪ್ಪಟ್ಟು ಕೂಲಿಗಿಂತ ಅದು ಅಗ್ಗ. ವಾರದ ರಜೆ ಒಬ್ಬೊಬ್ಬರಿಗೆ ಒಂದೊಂದು ದಿನ ಹಂಚಿ, ಭಾನುವಾರ ಬೇಡ.

ಆಮೇಲೆ ಬೋರ್ಡು. ಪನೀರಿನ ಹತ್ತು ಬಗೆ, ಸೂಪಿನ ಐದು ಬಗೆ ಇದ್ದರೆ ಅರ್ಧ ತೆಗೆದುಹಾಕಿ. ದಿನಕ್ಕೆ ಎರಡು ಪ್ಲೇಟೂ ಹೋಗದ ತಿಂಡಿಗೆ ತರಕಾರಿ ಹೆಚ್ಚುವುದು, ಸಾಸ್ ಬಾಟಲಿ ತೆರೆಯುವುದು, ಕೊನೆಗೆ ಎಸೆಯುವುದು, ಎಲ್ಲವೂ ಸಂಬಳದ ಗಂಟೆಗಳೇ. ತಿಂಡಿ ಹೊತ್ತು ಮುಗಿದ ಮೇಲೂ ಕಾವಲಿಯ ಕೆಳಗೆ ಉರಿಯುವ ಗ್ಯಾಸನ್ನು ಯಾರೂ ನೋಡುವುದಿಲ್ಲ. ಕರಿದ ಎಣ್ಣೆಯಲ್ಲಿ ಮಾತ್ರ ಉಳಿತಾಯಕ್ಕೆ ಹೋಗಬೇಡಿ: ಎಣ್ಣೆಯ ಒಟ್ಟು ಧ್ರುವೀಯ ಅಂಶ (ಮತ್ತೆ ಮತ್ತೆ ಕಾಯಿಸಿದಾಗ ಹೆಚ್ಚುವ ಹಾಳಾದ ಅಂಶ) ಶೇ. 25 ದಾಟಿದರೆ ಆಹಾರ ಸುರಕ್ಷತಾ ನಿಯಮದಂತೆ ಎಸೆಯಬೇಕು. ಕಪ್ಪಾಗಿ, ನೊರೆ ನಿಂತು, ಬೇಗ ಹೊಗೆಯಾಡುವ ಎಣ್ಣೆಯ ಗೋಬಿ ತಿಂದವನು ಎರಡನೇ ಸಲ ಬರುವುದಿಲ್ಲ. ತೂಕ ಇಳಿಸುವುದೂ ಹಾಗೆಯೇ. ಬನ್ಸ್ ಸಣ್ಣದಾದರೆ ನಮ್ಮವರು ಬಾಯಿ ಬಿಟ್ಟು ಹೇಳದೆ ಪಕ್ಕದ ಹೋಟೆಲಿಗೆ ಹೋಗುತ್ತಾರೆ.

ಯಂತ್ರ ಕೊಳ್ಳುವುದಾದರೆ ಓರೆಯಾಗಿ ವಾಲಿಸಿ ಹಿಟ್ಟು ಸುರಿಯಬಹುದಾದ ರುಬ್ಬುವ ಯಂತ್ರ (ಟಿಲ್ಟಿಂಗ್ ಗ್ರೈಂಡರ್), ತರಕಾರಿ ಹೆಚ್ಚುವ ಯಂತ್ರ, ಇವೆರಡು ಸಾಕು. ಉಪ್ಪುಗಾಳಿಯ ಊರಿಗೆ 202 ದರ್ಜೆಯ ಸ್ಟೀಲು ಬೇಡ, ಬೇಗ ತುಕ್ಕು ಹಿಡಿಯುತ್ತದೆ, 304 ಕೇಳಿ. ಪಾತ್ರೆ ತೊಳೆಯುವ ಯಂತ್ರ ಮಳೆಗಾಲದ ಕರೆಂಟಿನಲ್ಲಿ ಕೈಕೊಡುತ್ತದೆ.

ಇಬ್ಬರನ್ನು ಬಿಡಿಸುವ ಮಾತು. 33,000 ಉಳಿಯುತ್ತದೆ ಎಂದು ಮಗ ಎಣಿಸಿರಬೇಕು. ನಿಮ್ಮ 24 ಕುರ್ಚಿಗೆ ಸರಾಸರಿ ಬಿಲ್ 70 ಎಂದರೆ ಒಂದು ಸುತ್ತು ಗಿರಾಕಿಗಳು 1,680 ರೂಪಾಯಿ. ಮೇಜು ಒರೆಸುವವರಿಲ್ಲದೆ ಬೆಳಗ್ಗೆ ಒಂದು ಸುತ್ತು ತಪ್ಪಿದರೆ ತಿಂಗಳಿಗೆ 47,000 ಮಾರಾಟ ಹೋಯಿತು, ಪದಾರ್ಥ ಕಳೆದರೆ 28,000 ನಷ್ಟ. ಕ್ಯೂಆರ್ ಕೋಡ್ ಆರ್ಡರ್ ತೆಗೆದುಕೊಳ್ಳಬಹುದು, ಎಂಜಲು ತಟ್ಟೆ ಎತ್ತುವುದಿಲ್ಲ. ಮೀನುಪೇಟೆ ಮುಗಿಸಿ ಬಂದು ಕೂರುವ ಅಮ್ಮಂದಿರಿಗೆ ಫೋನು ತೋರಿಸಿ ನೋಡಿ, ಉತ್ತರ ಅಲ್ಲೇ ಸಿಗುತ್ತದೆ. ಬೇಕಿದ್ದರೆ ಬೆಂಗಳೂರಿನ ದರ್ಶಿನಿಯಂತೆ ಬೆಳಗಿನ ತಿಂಡಿಗೆ ಮಾತ್ರ ಕೌಂಟರಿನಲ್ಲೇ ಕೂಪನ್ ಇಡಿ, ಊಟವನ್ನು ಕೂರಿಸಿಯೇ ಬಡಿಸಿ.

ಕೆಲಸಗಾರ ಸಿಗುವುದೇ ಕಷ್ಟವಾದ ಊರಿನಲ್ಲಿ ಇದ್ದವರನ್ನು ಬಿಡಿಸುವುದು ಇನ್ನೊಂದು ರೀತಿಯಲ್ಲೂ ನಷ್ಟ. ಅಕ್ಟೋಬರ್ ಬಂತೆಂದರೆ ಗಡಿಯ ಪೊಳೆಂ ದಾಟಿ ಗೋವಾದ ಹೋಟೆಲುಗಳು ಕರೆಯುತ್ತವೆ, ಶಿರಸಿ ಕಡೆ ಅಡಿಕೆ ಕೊಯ್ಲು ಶುರುವಾದರೆ ದಿನಗೂಲಿ ಏರುತ್ತದೆ. 12,000ದ ಕ್ಲೀನರ್ ಹೇಗೂ ವರ್ಷಕ್ಕೆ ಎರಡು ಸಲ ಬದಲಾಗುತ್ತಾನೆ, ಹೊಸಬ ಕಲಿಯುವವರೆಗೆ ಲೋಟ ಒಡೆಯುತ್ತವೆ, ಆರ್ಡರ್ ತಪ್ಪುತ್ತದೆ, ಮಾಸ್ಟರ್ ಸಿಟ್ಟಾಗುತ್ತಾನೆ. 16,500 ಕೊಟ್ಟಾಗ ಅವನು ನಿಂತರೆ ಆ ಹಣದಲ್ಲಿ ಒಂದಷ್ಟು ನಿಮಗೇ ವಾಪಸು. ನ್ಯೂಜೆರ್ಸಿಯಲ್ಲಿ ಕೆಲಸ ಕಡಿಮೆಯಾಗದ್ದಕ್ಕೆ ಅರ್ಥಶಾಸ್ತ್ರಜ್ಞರು ಕೊಡುವ ಕಾರಣಗಳಲ್ಲಿ ಇದೂ ಒಂದು. ನಿಮ್ಮೂರಿನ ಗೇರುಬೀಜ ಕಾರ್ಖಾನೆ, ಬಟ್ಟೆ ಅಂಗಡಿಗಳ ಕೆಲಸಗಾರರಿಗೂ ಕನಿಷ್ಠ ವೇತನ ಏರಿದರೆ ಅವರೂ ನಿಮ್ಮ ಗಿರಾಕಿಗಳೇ. ಇದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಬಂದರೆ ಬರಲಿ.

2025ರಲ್ಲಿ ತೆಂಗಿನಕಾಯಿ ದರ ಏರಿದಾಗ ಏನು ಮಾಡಿದಿರಿ, ನೆನಪಿಸಿಕೊಳ್ಳಿ. ದಿನಕ್ಕೆ 25 ಕಾಯಿ ಒಡೆಯುವ ಹೋಟೆಲಿಗೆ ಕಾಯಿಗೆ 15 ರೂಪಾಯಿ ಏರಿದರೆ ತಿಂಗಳಿಗೆ 10,500. ಅದೇ ವರ್ಷ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತ್ತು. ಆಗ ಯಾರೂ ಕಾಯಿ ಬಿಡಿಸಿ ಕ್ಯೂಆರ್ ಕೋಡ್ ಅಂಟಿಸುವ ಮಾತಾಡಲಿಲ್ಲ. ಆ ಕಾಯಿ, ಆ ಹಾಲನ್ನು ಕ್ಲೀನರ್‌ನ ಮನೆಯವರೂ ಕೊಳ್ಳಬೇಕಲ್ಲ. ಕನಿಷ್ಠ ವೇತನ ಏರುವುದೇ ಅದರಿಂದ. 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಹಾಕಿಕೊಟ್ಟ ಅಳತೆಯಲ್ಲಿ ಒಂದು ಕುಟುಂಬಕ್ಕೆ ಮೂರು ಆಳಿನ ಆಹಾರ, ತಲಾ 2,700 ಕ್ಯಾಲೊರಿ, ವರ್ಷಕ್ಕೆ 72 ಗಜ ಬಟ್ಟೆ, ಬಾಡಿಗೆ, ಉರುವಲು ಸೇರಿವೆ. ಮಕ್ಕಳ ಓದು, ಔಷಧ ಮುಂತಾದವಕ್ಕೆ ಇನ್ನೂ ಶೇ. 25 ಸೇರಿಸಬೇಕೆಂದು ಆಮೇಲೆ ಸುಪ್ರೀಂ ಕೋರ್ಟ್ ಹೇಳಿತು.

ಮಳೆಗಾಲಕ್ಕೆ ಮಾತ್ರ ಬೇರೆ ವ್ಯವಸ್ಥೆ ಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ರಾತ್ರಿ 8ಕ್ಕೇ ಬಾಗಿಲು ಹಾಕಿ, ವಾರಕ್ಕೊಂದು ದಿನ ಪೂರ್ತಿ ರಜೆ ಕೊಡಿ. ಊರಿಗೆ ಹೋಗುವವರ ಸಂಬಳ ಸಹಿತ ರಜೆಯನ್ನು ಮಾತಾಡಿ ಈ ತಿಂಗಳುಗಳಿಗೇ ಹೊಂದಿಸಿ. ಡಿಸೆಂಬರಿನಲ್ಲಿ ರಜೆ ಕೇಳುವುದು ತಪ್ಪುತ್ತದೆ. ಅಕ್ಟೋಬರ್‌ನಿಂದ ಮೇವರೆಗೆ ದಿನಕ್ಕೆ 400 ರೂಪಾಯಿ ಬೇರೆ ಖಾತೆಗೆ ಹಾಕಿದರೆ ಎಂಟು ತಿಂಗಳಿಗೆ 89,600 ಆಗುತ್ತದೆ. ಮಳೆಗಾಲದ ಮೂರು ತಿಂಗಳಿಗೆ ತಲಾ ಸುಮಾರು 30,000 ಸಿಕ್ಕಂತೆ.

ಬೋರ್ಡ್ ಬದಲಿಸುವುದು ಏಪ್ರಿಲ್ ಮೊದಲ ವಾರದಲ್ಲಿ ಆಗಲಿ. ತುಟ್ಟಿಭತ್ಯೆ ಬದಲಾಗುವುದೂ ಆಗಲೇ, ಶಾಲೆಗೆ ರಜೆ ಬಿದ್ದು ಮುರುಡೇಶ್ವರ, ಗೋಕರ್ಣದ ದಾರಿಯಲ್ಲಿ ಜನ ಓಡಾಡುವುದೂ ಆಗಲೇ. ಹೊರಗಿನವರಿಗೆ ಹಳೆಯ ದರ ಗೊತ್ತಿರುವುದಿಲ್ಲ; ಊರಿನವರು ಮೇ ಮುಗಿಯುವುದರೊಳಗೆ ಹೊಸದಕ್ಕೆ ಒಗ್ಗಿಕೊಳ್ಳುತ್ತಾರೆ. ಜೂನ್ ತಿಂಗಳಲ್ಲಿ, ಕುರ್ಚಿ ಖಾಲಿ ಇರುವಾಗ, ದರ ಏರಿಸಲು ಹೋಗಬೇಡಿ.